ಜವಾಬಿಗಿಂತ ಮೊದಲು ಬಂದ ಸುದ್ದಿ: ವಿಜಯಪುರ ಜಿಲ್ಲೆಯ ಒಂದು ಸಮುದಾಯ ರೇಡಿಯೋ ಪ್ರಕರಣ

ಎರಡು ಮೇಳಗಳು ಎದುರುಬದುರು ಕೂತು ಸವಾಲು ಜವಾಬು ಹಾಡುವ ಗೀಗೀ ಪದದ ಕಾರ್ಯಕ್ರಮ ಭಾನುವಾರ ಸಂಜೆ ನಡುವೆಯೇ ನಿಂತುಹೋಯಿತು. ನಾಗೇಶಿ ಮೇಳದ ಸವಾಲು ಪೂರ್ತಿ ಕೇಳಿಸಿತು. ಹರದೇಶಿ ಮೇಳದವರು ಜವಾಬು ಎತ್ತಿಕೊಂಡರು. ಎದುರಿನವರ ಮಾತನ್ನು ಒಪ್ಪಿದಂತೆ ನಟಿಸಿದರು. ಇನ್ನೇನು ಅದನ್ನು ತಿರುಗಿಸಿ ಹೊಡೆಯಬೇಕು, ಅಷ್ಟರಲ್ಲಿ ಆಕಾಶವಾಣಿ ಸುದ್ದಿ ಬಂತು. ಕೇಳಿದವರ ಕಿವಿಯಲ್ಲಿ ಉಳಿದದ್ದು ಒಪ್ಪಿಕೊಂಡ ಮಾತು ಮಾತ್ರ. ಮರುದಿನದ ಹೊತ್ತಿಗೆ ಹರದೇಶಿಯವರು ರೇಡಿಯೋದಲ್ಲಿ ಸೋತರು ಅಂತ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮಾತಾಗಿತ್ತು.

ಆ ಕೇಂದ್ರದಲ್ಲಿ ಸಂಗೀತ ವಿಭಾಗ ನೋಡಿಕೊಳ್ಳುವವನು ನಾನು. ವಿಜಯಪುರ ಜಿಲ್ಲೆಯ ಒಂದು ಸಮುದಾಯ ರೇಡಿಯೋ ಅದು. ಕೇಂದ್ರ, ಊರು, ಮೇಳ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಜಾತ್ರೆಯ ವೀಳ್ಯ, ಅಂದರೆ ಹಾಡಲು ಬರುವ ಕರೆ, ನಂಬಿ ಬದುಕುವವರ ವಿಷಯ ಇದು. ಹೆಸರು ಬಂದರೆ ಇನ್ನೊಂದು ಸುತ್ತು ಜಗಳ ಶುರುವಾಗುತ್ತದೆ. ಸಣ್ಣ ಕೇಂದ್ರಗಳಲ್ಲಿ ಹಾಡು ಆರಿಸುವವರಿಗೆ, ಧ್ವನಿಮುದ್ರಣ ಮಾಡುವವರಿಗೆ, ಎಡಿಟ್ ಮಾಡುವವರಿಗೆ ಉಪಯೋಗ ಆಗಬಹುದು ಅಂತ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಕೇಂದ್ರ ಎಂಥದ್ದು

ರೇಡಿಯೋ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಸಿಕ್ಕಿತು. ಪ್ರಸಾರದ ಶಕ್ತಿಗೆ ಮಾಮೂಲಿ ಮಿತಿ 100 ವ್ಯಾಟ್. ಟವರಿಗೆ 30 ಮೀಟರ್. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಜಾಹೀರಾತಿಗೆ ಮೊದಲು ಗಂಟೆಗೆ 5 ನಿಮಿಷ ಇತ್ತು, 2024ರ ಮಾರ್ಗಸೂಚಿಯಲ್ಲಿ ಅದು 12 ನಿಮಿಷ ಆಗಿದೆ.

ವಿಜಯಪುರದ ಬಯಲಲ್ಲಿ ಅಡ್ಡ ಬರುವ ಗುಡ್ಡ ಕಡಿಮೆ. 100 ವ್ಯಾಟಿಗೇ ಹತ್ತು ಹನ್ನೆರಡು ಕಿಲೋಮೀಟರ್ ಚೆನ್ನಾಗಿ ಕೇಳುತ್ತದೆ. ಈ ಪ್ರಕರಣದಲ್ಲಿ ಈ ಅಳತೆಗೆ ಬೆಲೆ ಇದೆ. ಹಾಡುವವರು, ಅವರ ಬೀಗರು, ಅವರ ಎದುರು ಪಾರ್ಟಿ, ಅವರನ್ನು ಜಾತ್ರೆಗೆ ಕರೆಸುವ ಕಮಿಟಿಯವರು, ಎಲ್ಲರೂ ಆ ಹತ್ತು ಹನ್ನೆರಡು ಕಿಲೋಮೀಟರ್ ಒಳಗೇ ಇದ್ದಾರೆ. ಬೆಂಗಳೂರಿನ ಎಫ್‌ಎಂನಲ್ಲಿ ಒಂದು ಹಾಡು ಅರ್ಧಕ್ಕೆ ನಿಂತರೆ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ.

ಇಲ್ಲಿ ನನ್ನ ಕೆಲಸದಲ್ಲಿ ಟ್ಯೂನ್ ಹಾಕುವುದು ಕಡಿಮೆ. ಯಾವ ಹಾಡು, ಯಾವ ಹೊತ್ತಿಗೆ, ಎಷ್ಟು ನಿಮಿಷ, ಯಾರ ಒಪ್ಪಿಗೆಯಿಂದ, ಇವನ್ನು ನೋಡುವುದೇ ಜಾಸ್ತಿ. ಬೆಳಿಗ್ಗೆ ವಚನ, ದಾಸರ ಪದ, ತತ್ವಪದ. ಮಧ್ಯಾಹ್ನ ಸೋಬಾನೆ, ಬೀಸುವ ಕಲ್ಲಿನ ಪದ. ಸಂಜೆ ಡೊಳ್ಳಿನ ಪದ, ಚೌಡಿಕೆ ಪದ, ಗೀಗೀ. ಸಿನಿಮಾ ಹಾಡಿಗೆ ಲೈಸೆನ್ಸ್ ದುಡ್ಡು ಕಟ್ಟಬೇಕು, ಹಾಗಾಗಿ ಅದು ಕಡಿಮೆ. ಹುಡುಗರು ಫೋನ್ ಮಾಡಿ ಡಿಜೆ ಜಾನಪದ ಹಾಕ್ರಿ ಅಂತ ಕೇಳುತ್ತಲೇ ಇರುತ್ತಾರೆ. ಆ ಹಾಡುಗಳಿಗೂ ಮಾಲೀಕರು ಇದ್ದಾರೆ, ಅವರ ಪತ್ರ ಇಲ್ಲದೆ ಹಾಕಲು ಬರುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ.

ಒಂದು ರಾತ್ರಿಯ ಹಾಡು

ಹರದೇಶಿ ನಾಗೇಶಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಜಾತ್ರೆಯ ರಾತ್ರಿ ಎರಡು ಮೇಳಗಳನ್ನು ಎದುರುಬದುರು ಕೂರಿಸುತ್ತಾರೆ. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಅಂತ ವಾದಿಸುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಅನ್ನುತ್ತಾರೆ. ಮುಖ್ಯ ಹಾಡುಗಾರನ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ, ಪಕ್ಕದಲ್ಲಿ ತುಂತುಣಿ ಎಂಬ ತಂತಿವಾದ್ಯ, ತಾಳ. ಹಿಂದಿನವರು ಜೀ ಜೀ ಅನ್ನುತ್ತಾ ಗೀಯ ಗೀಯ ಎಂಬ ಸೊಲ್ಲು (ಪಲ್ಲವಿ) ಎತ್ತುತ್ತಾರೆ. ಪುರಾಣದಿಂದ ಒಂದು ಗಂಟು ತೆಗೆದು ಸವಾಲು ಹಾಕಿದರೆ, ಎದುರಿನವರು ಅಲ್ಲೇ ಅದನ್ನು ಬಿಚ್ಚಬೇಕು. ಹಲಸಂಗಿಯ ಖಾಜಾಭಾಯಿ ಲಾವಣಿ ಕಟ್ಟಿದ ಜಿಲ್ಲೆ ಇದು. ಕೇಳುವವರಿಗೆ ಪುರಾಣ ಚೆನ್ನಾಗಿ ಗೊತ್ತಿರುತ್ತದೆ. ಸುಳ್ಳು ಜವಾಬು ಕೊಟ್ಟರೆ ಮುಂದಿನ ಸಾಲಿನಲ್ಲಿ ಕೂತ ಮುದುಕರೇ ಹಿಡಿದುಬಿಡುತ್ತಾರೆ.

ನಮ್ಮವರು ಒಂದು ಜಾತ್ರೆಯಲ್ಲಿ ಇಡೀ ರಾತ್ರಿಯ ಹಾಡಿಕೆಯನ್ನು ಮುದ್ರಿಸಿಕೊಂಡು ಬಂದಿದ್ದರು. ಊಟ ಮುಗಿದ ಮೇಲೆ ಶುರುವಾದದ್ದು ಬೆಳಗಿನ ಜಾವ ಮುಗಿದಿತ್ತು. ಅದರಲ್ಲಿ ಒಂದು ಜೋಡಿಯನ್ನು ಸ್ವಯಂಸೇವಕ ಹುಡುಗನೊಬ್ಬ ಭಾನುವಾರಕ್ಕೆ ಆರಿಸಿದ. ಒಳ್ಳೆಯ ಆಯ್ಕೆಯೇ. ಸವಾಲಿನ ಸಾರ ಹೀಗಿತ್ತು: ಶಿವ ಅಷ್ಟು ದೊಡ್ಡವನಾಗಿದ್ದರೆ ಗಂಗೆಯನ್ನು ತಲೆ ಮೇಲೆ ಯಾಕೆ ಕೂರಿಸಿಕೊಂಡ? ಹೆಣ್ಣನ್ನು ತಲೆ ಮೇಲೆ ಹೊತ್ತು ತಿರುಗುವವನು ದೊಡ್ಡವನೋ, ತಲೆ ಮೇಲೆ ಕೂತವಳು ದೊಡ್ಡವಳೋ? ಜವಾಬಿನ ಮೊದಲ ನುಡಿಗಳಲ್ಲಿ (ಚರಣಗಳಲ್ಲಿ) ಹರದೇಶಿಯ ಹಾಡುಗಾರ ಇದನ್ನೆಲ್ಲ ಒಪ್ಪಿಕೊಳ್ಳುತ್ತಾ ಹೋಗುತ್ತಾನೆ. ಹೌದು ತಾಯಿ, ಹೊತ್ತ. ಹೌದು ತಾಯಿ, ತಲೆ ಮೇಲೆಯೇ ಹೊತ್ತ. ಕೊನೆಗೆ ತಿರುಗಿ ನಿಲ್ಲುತ್ತಾನೆ: ಮೇಲಿಂದ ಧುಮುಕುವ ಗಂಗೆಯನ್ನು ಭೂಮಿ ತಡೆಯುತ್ತಿರಲಿಲ್ಲ, ತಡೆದವನು ಅವನೊಬ್ಬನೇ. ಹೊತ್ತವನು ದೊಡ್ಡವನೋ, ಹೊರೆ ದೊಡ್ಡದೋ? ಜಾತ್ರೆಯಲ್ಲಿ ಇಲ್ಲಿ ಸಿಳ್ಳೆ ಬಿದ್ದಿತ್ತು. ಮುದ್ರಣದಲ್ಲಿ ಅದೂ ಇದೆ.

ರೇಡಿಯೋ ಕೇಳಿದವರಿಗೆ ಸಿಕ್ಕಿದ್ದು ಹೌದು ತಾಯಿ, ಹೌದು ತಾಯಿ.

ನಾಲ್ಕು ನಿಮಿಷ

ಆದದ್ದು ಬರೀ ಲೆಕ್ಕ. ಅರ್ಧ ಗಂಟೆಯ ಜಾಗದಲ್ಲಿ ಸಿಗ್ನೇಚರ್ ಟ್ಯೂನ್, ಉದ್ಘೋಷಣೆ, ಪ್ರಾಯೋಜಕರ ಜಾಹೀರಾತು, ಲಸಿಕೆಯ ಬಗ್ಗೆ ಒಂದು ಸಣ್ಣ ಪ್ರಕಟಣೆ, ಎಲ್ಲ ಕಳೆದರೆ 24 ನಿಮಿಷ ಉಳಿಯುತ್ತದೆ. ಸವಾಲು 11 ನಿಮಿಷ, ಜವಾಬು 13. ಸರಿಯಾಗಿ ಕೂತಿತ್ತು. ಆದರೆ ಅದಕ್ಕೂ ಮುಂಚೆ ಇದ್ದ ಕೃಷಿ ಫೋನ್-ಇನ್ ನಾಲ್ಕು ನಿಮಿಷ ಜಾಸ್ತಿ ಓಡಿತು. ಕಡಲೆಗೆ ಹುಳ ಬಿದ್ದಿದೆ ಅಂತ ರೈತರೊಬ್ಬರು ಕೇಳುತ್ತಿರುವಾಗ ಯಾರು ತಾನೇ ಫೋನ್ ಇಡುತ್ತಾರೆ? ಆಮೇಲಿನದೆಲ್ಲ ನಾಲ್ಕು ನಿಮಿಷ ಹಿಂದೆ ಸರಿಯಿತು. ಸುದ್ದಿ ಮಾತ್ರ ಸರಿಯುವುದಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆ ಗಟ್ಟಿ ಸಮಯ ಕೊಟ್ಟಿರುತ್ತದೆ. ಆ ಹೊತ್ತಿಗೆ ಏನು ಓಡುತ್ತಿದ್ದರೂ ತಗ್ಗಿಸಿ ಸುದ್ದಿಯನ್ನು ಎತ್ತುತ್ತದೆ. ಭಾನುವಾರ ಆದ್ದರಿಂದ ಸ್ಟುಡಿಯೋದಲ್ಲಿ ಇದ್ದದ್ದು ಫೋನ್-ಇನ್ ನಡೆಸುತ್ತಿದ್ದವರು ಮತ್ತು ತಂತ್ರಜ್ಞ ಇಬ್ಬರೇ. ಅವರು ಸಾಮಾನು ಎತ್ತಿಡುತ್ತಿದ್ದರು.

ಯಾರೋ ರೇಡಿಯೋದ ಪಕ್ಕ ಮೊಬೈಲ್ ಇಟ್ಟು ಅದನ್ನು ಮುದ್ರಿಸಿಕೊಂಡಿದ್ದರು. ಸುದ್ದಿಯ ಮೊದಲ ಸದ್ದಿನ ತನಕ ಕತ್ತರಿಸಿ, ಹರದೇಶಿ ಬಾಯಿ ಬಂದ್ ಅಂತ ಬರೆದು ವಾಟ್ಸಾಪಿನಲ್ಲಿ ಬಿಟ್ಟರು. ನಮ್ಮ ಪ್ರಸಾರಕ್ಕಿಂತ ಆ ತುಣುಕು ದೂರ ಹೋಯಿತು.

ಕಾಕಾ ಕೇಳಿದ್ದು

ಮಂಗಳವಾರ ಹರದೇಶಿ ಮೇಳದ ಮುಖ್ಯ ಹಾಡುಗಾರ ಕೇಂದ್ರಕ್ಕೆ ಬಂದರು. ವಯಸ್ಸಾದವರು. ಊರಲ್ಲಿ ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಬೈಯಲಿಲ್ಲ. ಚಹಾ ಕುಡಿದರು. ಆಮೇಲೆ ಕೇಳಿದರು: "ನಮ್ಮ ಜವಾಬ ನುಂಗಿಬಿಟ್ರಲ್ರಿ ಸರ?"

ನಾನು ಫೋನ್-ಇನ್, ನಾಲ್ಕು ನಿಮಿಷ, ಕಂಪ್ಯೂಟರ್ ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಸೋತರು ಅಂತ ಜನ ಅಂದದ್ದು ಅವರಿಗೆ ಅಷ್ಟು ನಾಟಿರಲಿಲ್ಲ. ಹಾಡಿಕೆಯಲ್ಲಿ ಒಂದು ರಾತ್ರಿ ಸೋಲು, ಒಂದು ರಾತ್ರಿ ಗೆಲುವು, ಅದು ಮುಂದಿನ ಜಾತ್ರೆಗೆ ಸರಿಹೋಗುತ್ತದೆ ಅಂದರು. ಅವರ ತಕರಾರು ಬೇರೆ ಇತ್ತು.

"ಕಡೀ ನುಡ್ಯಾಗ ನಮ್ಮ ಗುರುವಿನ ಹೆಸರ ಇತ್ರಿ. ಅದ ಬರ್ಲಿಲ್ಲ."

ಗೀಗೀ ಪದಗಳ ಕೊನೆಯ ನುಡಿಯಲ್ಲಿ ಪದ ಕಟ್ಟಿದ ಕವಿಯ ಹೆಸರು, ಊರು, ಅವನ ಗುರು ಅಥವಾ ದೈವ ಬರುತ್ತದೆ. ವಚನದಲ್ಲಿ ಅಂಕಿತ ಇದ್ದಂತೆ ಇದೂ. ಪದ ಬರೆದಿಟ್ಟ ವಹಿ (ಪುಸ್ತಕ) ಕೈಯಿಂದ ಕೈಗೆ ಹೋಗುತ್ತದೆ, ಒಂದು ಊರಿನ ಪದ ಇನ್ನೊಂದು ಊರಿನವರ ಬಾಯಿಗೆ ಬರುತ್ತದೆ. ಅಚ್ಚು, ರಿಜಿಸ್ಟರ್ ಏನೂ ಇಲ್ಲದ ಕಡೆ ಪದ ಯಾರದು ಅಂತ ಹೇಳುವ ಜಾಗ ಆ ಒಂದು ನುಡಿ ಮಾತ್ರ. ಹಾಡುವವನು ಅದನ್ನು ನುಂಗಿದರೆ ಕದ್ದ ಹಾಗೆ ಲೆಕ್ಕ. ಕಾಕಾನ ಗುರು ತೀರಿಕೊಂಡಿದ್ದಾರೆ, ಆದರೆ ಗುರುವಿನ ಮನೆಯವರು ಅದೇ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿದ್ದಾರೆ. ರೇಡಿಯೋ ಹಚ್ಚಿಕೊಂಡು ಆ ಹೆಸರಿಗಾಗಿ ಕಾದು ಕೂತಿದ್ದರು.

ಇಲ್ಲಿಗೆ ಪ್ರಕರಣದ ರೂಪವೇ ಬದಲಾಯಿತು ಅಂತ ನನ್ನ ಅಭಿಪ್ರಾಯ. ಸೋಲು ಗೆಲುವಿನ ವಿಷಯ ಆಗಿದ್ದರೆ ಒಂದು ಸ್ಪಷ್ಟೀಕರಣ ಸಾಕಿತ್ತು. ಇದು ಕರ್ತೃವಿನ ಹೆಸರು ಅಳಿಸಿದ ವಿಷಯ. ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ಕೃತಿ ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ನಿನಲ್ಲಿದೆ. ಹಾಡುವವರಿಗೂ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಆದರೆ ನಾನು ಕಾನೂನು ಓದಿ ಹೇಳುವ ಮೊದಲೇ ಕಾಕಾ ಅದನ್ನು ಒಂದು ಸಾಲಿನಲ್ಲಿ ಹೇಳಿದ್ದರು.

ನಾಗೇಶಿ ಮೇಳದ ಮುಖ್ಯ ಹಾಡುಗಾರ್ತಿ ಅಕ್ಕನವರಿಗೆ ಫೋನ್ ಮಾಡಿದೆ. ಗೆದ್ದವರು ಖುಷಿಯಲ್ಲಿರುತ್ತಾರೆ ಅಂದುಕೊಂಡರೆ ಅಲ್ಲಿ ಇನ್ನೂ ಬಿಸಿ ಇತ್ತು. ಈ ಎರಡು ಮೇಳಗಳನ್ನು ಜಾತ್ರೆ ಕಮಿಟಿಯವರು ಜೋಡಿಯಾಗಿಯೇ ಕರೆಸುತ್ತಾರೆ. ಒಂದೇ ಗಾಡಿಯಲ್ಲಿ ಹೋಗುತ್ತಾರೆ, ಹಾಡಿಕೆ ಮುಗಿದ ಮೇಲೆ ಒಟ್ಟಿಗೆ ಉಣ್ಣುತ್ತಾರೆ. ವಾಟ್ಸಾಪಿನ ತುಣುಕು ಅಕ್ಕನವರ ಕಡೆಯವರೇ ಬಿಟ್ಟದ್ದು ಅಂತ ಹರದೇಶಿ ಮೇಳದ ಹುಡುಗರು ಹಟ ಹಿಡಿದಿದ್ದರು. "ಗಾಡ್ಯಾಗ ಕುಂತ್ರ ಮಾತಾಡವಲ್ರು ನೋಡ್ರಿ ಸರ. ಹಿಂಗಾದ್ರ ದಪ್ಪ ಹೆಂಗ ಬಾರಸೂದು?" ಅಂದರು ಅಕ್ಕ.

ಮುಂದಿದ್ದ ದಾರಿಗಳು

ಬುಧವಾರ ಕೇಂದ್ರದ ವ್ಯವಸ್ಥಾಪಕರು, ತಂತ್ರಜ್ಞ, ಆ ಸ್ವಯಂಸೇವಕ ಹುಡುಗ, ನಾನು ಕೂತೆವು.

ತಾಂತ್ರಿಕ ಕಾರಣದಿಂದ ಕಾರ್ಯಕ್ರಮಕ್ಕೆ ಅಡಚಣೆ ಆಯಿತು ಅಂತ ಒಂದು ಪ್ರಕಟಣೆ ಓದಿ ಬಿಡುವುದು ಎಲ್ಲಕ್ಕಿಂತ ಸುಲಭ. ಆ ವಾಕ್ಯವನ್ನು ನಮ್ಮ ಜನ ದೂರದರ್ಶನದ ಕಾಲದಿಂದ ಕೇಳಿದ್ದಾರೆ, ಅದರ ಮೇಲೆ ಯಾರಿಗೂ ನಂಬಿಕೆ ಇಲ್ಲ. ಗುರುವಿನ ಹೆಸರೂ ಬರುವುದಿಲ್ಲ.

ಮುಂದಿನ ಭಾನುವಾರ ಜವಾಬನ್ನು ಮಾತ್ರ ಹಾಕೋಣ ಅಂತ ಹುಡುಗ ಹೇಳಿದ. ವಾರದ ಹಿಂದಿನ ಸವಾಲು ಯಾರಿಗೆ ನೆನಪಿರುತ್ತದೆ? ಈ ಸಲ ಅಕ್ಕನವರ ಮಾತು ಇಲ್ಲದೆ ಕಾಕಾ ಒಬ್ಬರೇ ಕೇಳಿಸುತ್ತಾರೆ, ಇನ್ನೊಂದು ತುಣುಕು ಹುಟ್ಟುತ್ತದೆ.

ಇಡೀ ರಾತ್ರಿಯ ಹಾಡಿಕೆಯನ್ನು ಒಂದು ರಾತ್ರಿ ಪೂರ್ತಿ ಬಿಡುವುದು ನನ್ನ ಆಸೆ. ತಂತ್ರಜ್ಞ ನನ್ನ ಮುಖ ನೋಡಿದ. ರಾತ್ರಿಯೆಲ್ಲ ಕೂರಬೇಕಾದವನು ಅವನು. ಕರೆಂಟ್ ಹೋದರೆ ಇನ್ವರ್ಟರ್ ಬೆಳಗಿನ ತನಕ ಎಳೆಯುವುದೂ ಇಲ್ಲ. ಅಲ್ಲದೆ ನಡುರಾತ್ರಿ ಎರಡು ಗಂಟೆಯ ಗೀಗೀಯಲ್ಲಿ ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಏನೇನು ಅನ್ನುತ್ತಾರೆ ಅನ್ನುವುದು ಕೇಳಿದವರಿಗೆ ಗೊತ್ತು. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ನಮಗೂ ಅನ್ವಯಿಸುತ್ತದೆ. ಆ ಆಸೆಯನ್ನು ಅಲ್ಲೇ ಬಿಟ್ಟೆ.

ವ್ಯವಸ್ಥಾಪಕರಿಗೆ ಇಷ್ಟವಾದದ್ದು ಬೇರೆ. ಪ್ರತಿ ಪದವನ್ನೂ ಮೂರು ನಾಲ್ಕು ನಿಮಿಷಕ್ಕೆ ಇಳಿಸಿ, ಒಳ್ಳೊಳ್ಳೆ ಭಾಗ ಇಟ್ಟುಕೊಂಡು ಹಾಕೋಣ ಅಂದರು. ಜನ ರೀಲ್ಸ್ ನೋಡುವ ಕಾಲ ಇದು, ಅರ್ಧ ಗಂಟೆ ಯಾರು ಕೇಳುತ್ತಾರೆ? ಅವರ ಮಾತಿಗೆ ಚರಿತ್ರೆಯ ಬೆಂಬಲವೂ ಇದೆ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದವರು ಅಷ್ಟರಲ್ಲಿ ರಾಗ ಮುಗಿಸಿದರು. ಬೀಳಗಿಯಿಂದ ಮುಂಬಯಿಗೆ ಹೋದ ಅಮೀರಬಾಯಿ ಕರ್ನಾಟಕಿಯವರ ದನಿ ಮನೆಮನೆಗೆ ಮುಟ್ಟಿದ್ದು ಅಂಥ ತಟ್ಟೆಗಳ ಮೇಲೆಯೇ. ಆದರೆ ಅಲ್ಲಿ ಚಿಕ್ಕದು ಮಾಡಿಕೊಂಡವರು ಹಾಡಿದವರೇ. ಏನು ಬಿಡಬೇಕು, ಎಲ್ಲಿ ಮುಗಿಸಬೇಕು ಅನ್ನುವುದು ಅವರ ಕೈಯಲ್ಲಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಶುರು ಮಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಲೇಬಲ್ ಮೇಲೆ ಯಾರ ಹೆಸರು ಹಾಕಬೇಕು ಅಂತ ತಿಳಿಯಬೇಕಲ್ಲ. ಮೂರೇ ನಿಮಿಷ ಇದ್ದರೂ ಹೆಸರಿಗೆ ಅಷ್ಟು ಜಾಗ ಇಟ್ಟಿದ್ದರು.

ರೇಡಿಯೋ ತನ್ನ ನಿಯಮಕ್ಕೆ ಸಂಗೀತವನ್ನು ಬಗ್ಗಿಸಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರಂಥ ಹಾರ್ಮೋನಿಯಂ ವಾದಕರು ಇದ್ದ ಕಾಲ ಅದು. ಭಜನೆಯಿಂದ ಹಿಡಿದು ಶ್ರೀಕೃಷ್ಣ ಪಾರಿಜಾತದ ಆಟದ ತನಕ ಹಾರ್ಮೋನಿಯಂ ಪೇಟಿ ಇಲ್ಲದೆ ನಡೆಯದ ಸೀಮೆ ಇದು. ಕೇಂದ್ರ ನಮ್ಮದು ಚಿಕ್ಕದು ನಿಜ, ನಿಯಮ ಮಾಡುವಾಗ ನಾವೂ ಅದೇ ಕುರ್ಚಿಯಲ್ಲಿ ಕೂತಿರುತ್ತೇವೆ.

ಕೊನೆಗೆ ಒಪ್ಪಿದ್ದು ಇದು. ಗೀಗೀ ಕಾರ್ಯಕ್ರಮವನ್ನು ಸಂಜೆ ಆರೂವರೆಯಿಂದ ತೆಗೆದು ರಾತ್ರಿ ಒಂಬತ್ತಕ್ಕೆ, ದಿನದ ಕೊನೆಯ ಕಾರ್ಯಕ್ರಮವಾಗಿ ಹಾಕುವುದು. ಅದರ ಹಿಂದೆ ಸುದ್ದಿ ಇಲ್ಲ, ಏನೂ ಇಲ್ಲ. ಪದ ಮುಗಿದಾಗ ಪ್ರಸಾರ ಮುಗಿಯುತ್ತದೆ, ಒಂದು ದಿನ ಒಂಬತ್ತೂ ಇಪ್ಪತ್ತಕ್ಕೆ, ಇನ್ನೊಂದು ದಿನ ಹತ್ತಕ್ಕೆ. ಸವಾಲು ಜವಾಬು ಜೋಡಿಯಾಗಿಯೇ ಹೋಗಬೇಕು. ಏನಾದರೂ ತೆಗೆಯುವುದಿದ್ದರೆ ಎರಡೂ ಮೇಳದವರು ಕೂತು ಕೇಳಿ ಒಪ್ಪಬೇಕು. ಕೊನೆಯ ನುಡಿಗೆ ಕೈ ಹಚ್ಚುವಂತಿಲ್ಲ.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಆರೂವರೆಯ ಜಾಗವನ್ನು ಪ್ರಾಯೋಜಿಸುತ್ತಿದ್ದ ಬೀಜ ಗೊಬ್ಬರದ ಅಂಗಡಿಯವರು ಒಂಬತ್ತಕ್ಕೆ ಬರಲು ಒಪ್ಪಲಿಲ್ಲ. ಆ ಹೊತ್ತಿಗೆ ರೈತರು ಮಲಗಿರುತ್ತಾರೆ ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಸಂಜೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದ ಹೆಂಗಸರಿಗೆ ರಾತ್ರಿ ಒಂಬತ್ತು ಅಷ್ಟು ಅನುಕೂಲದ ಹೊತ್ತಲ್ಲ.

ಎಡಿಟಿಂಗ್ ಕೋಣೆಯಲ್ಲಿ

ಎರಡೂ ಮೇಳದ ಮುಖ್ಯಸ್ಥರನ್ನು ಒಂದೇ ದಿನ ಕರೆಸಿದೆ. ಒಂದೇ ಗಾಡಿಯಲ್ಲಿ ಬರುತ್ತಾರೋ ಇಲ್ಲವೋ ಅಂತ ನೋಡುವ ಕುತೂಹಲವೂ ಇತ್ತು. ಬೇರೆ ಬೇರೆ ಬಂದರು.

ಮೊದಲು ಕಾಣಿಕೆಯ ಸಮಸ್ಯೆ. ಹಾಡಿಕೆ ನಡೆಯುವಾಗ ಜನ ಎದ್ದು ಬಂದು ದುಡ್ಡು ಕೊಡುತ್ತಾರೆ. ಹಾಡುಗಾರ ಪದದ ನಡುವೆಯೇ, ತಾಳ ಬಿಡದೆ, ಕೊಟ್ಟವರ ಹೆಸರು ಹೇಳಿ ಹರಸುತ್ತಾನೆ. ಜಾತ್ರೆಯಲ್ಲಿ ಅದು ಮರ್ಯಾದೆ. ರೇಡಿಯೋದಲ್ಲಿ ಅದು ದುಡ್ಡು ಕೊಟ್ಟು ಹೇಳಿಸಿದ ಜಾಹೀರಾತಿನ ಹಾಗೆ ಕೇಳುತ್ತದೆ, ರಾಜಕಾರಣಿಯ ಹೆಸರಾದರಂತೂ ಹಾಕಲೇಬಾರದು. ತೆಗೆಯಬೇಕು ಅಂತ ಇಬ್ಬರೂ ಒಪ್ಪಿದರು. ತೆಗೆಯುವುದೇ ಕಷ್ಟ.

ಗೀಗೀಯಲ್ಲಿ ಎಲ್ಲೆಂದರಲ್ಲಿ ಕತ್ತರಿ ಹಾಕಲು ಬರುವುದಿಲ್ಲ. ಸೊಲ್ಲಿನಿಂದ ಸೊಲ್ಲಿಗೆ ಕತ್ತರಿಸಬೇಕು. ಒಂದು ನುಡಿ ಮುಗಿದು ಗೀಯ ಗೀಯ ಎತ್ತುವ ಜಾಗದಲ್ಲಿ ಬಿಟ್ಟು, ಮುಂದಿನ ಗೀಯ ಗೀಯದಲ್ಲಿ ಹಿಡಿಯಬೇಕು. ಹಾಗೆ ಮಾಡಿದರೂ ಎರಡು ತೊಂದರೆ. ಹಾಡು ಏರುತ್ತಾ ಹೋದಂತೆ ಲಯ ಜೋರಾಗುತ್ತದೆ, ನಡುವಿನ ಎರಡು ನಿಮಿಷ ತೆಗೆದರೆ ನಡೆಯುತ್ತಿದ್ದವರು ಒಮ್ಮೆಗೇ ಓಡಿದಂತೆ ಕೇಳುತ್ತದೆ. ಎರಡನೆಯದು ದಪ್ಪು. ಇಬ್ಬನಿ ಬಿದ್ದರೆ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ. ಆಗ ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ದನಿ ಮತ್ತೆ ಏರುತ್ತದೆ. ಕಾಯಿಸುವ ಮುಂಚಿನ ಸೊಲ್ಲಿಗೆ ಕಾಯಿಸಿದ ಮೇಲಿನ ಸೊಲ್ಲು ಅಂಟಿಸಿದರೆ ಬೇರೆ ವಾದ್ಯವೇ ಬಂದಂತೆ ಆಗುತ್ತದೆ. ಕಂಪ್ಯೂಟರಿನಲ್ಲಿ ಅಲೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಕಾಕಾ ಕಣ್ಣು ಮುಚ್ಚಿ ಕೂತು, "ಇಲ್ಲಿ ದಪ್ಪ ಕಾಸೇವಿ, ಇದನ್ನ ಅದಕ್ಕ ಹಚ್ಚಬ್ಯಾಡ್ರಿ" ಅಂತ ಹೇಳುತ್ತಾ ಹೋದರು. ಒಂದು ಕಡೆ ಎಷ್ಟು ಮಾಡಿದರೂ ಕೂಡಲಿಲ್ಲ. ಅಲ್ಲಿ ಕತ್ತರಿಸಿ, ನಡುವೆ ಉದ್ಘೋಷಕಿಯ ಎರಡು ವಾಕ್ಯ ಹಾಕಿದೆವು. ಅಂಟಿಸಿದ್ದು ಕಾಣದ ಹಾಗೆ ಮಾಡುವುದೇ ಜಾಣತನ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಇಂಥ ಹಾಡಿಗೆ ಕತ್ತರಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳುವುದೇ ಮೇಲು.

ಆಮೇಲೆ ಪೋಲಿ ಮಾತು. ಒಂದು ಕಡೆ ಕಾಕಾ ಹೆಂಡಂದಿರ ಬಗ್ಗೆ ಒಂದು ಚುಚ್ಚುಮಾತು ಹಾಡಿದ್ದರು, ಅಕ್ಕ ಅದಕ್ಕೆ ಎರಡರಷ್ಟು ಖಾರವಾಗಿ ತಿರುಗಿ ಕೊಟ್ಟಿದ್ದರು. ಸ್ವಯಂಸೇವಕ ಹುಡುಗ ಅಕ್ಕನವರ ಸಾಲನ್ನು ಮಾತ್ರ ತೆಗೆಯಬೇಕು ಅಂತ ಗುರುತು ಹಾಕಿದ್ದ. ಹೆಣ್ಣುಮಗಳ ಬಾಯಲ್ಲಿ ಆ ಮಾತು ಅವನಿಗೆ ಜಾಸ್ತಿ ಅನ್ನಿಸಿತ್ತು. ಅಕ್ಕ ನಕ್ಕರು, ಆದರೆ ಬಿಡಲಿಲ್ಲ. "ತಗದ್ರ ಎರಡೂ ತಗೀರಿ, ಇಟ್ರ ಎರಡೂ ಇಡ್ರಿ ಸರ. ಕಾಕಾ ಅಂದದ್ದ ಉಳಿದು ನಾ ಅಂದದ್ದ ಹೋದ್ರ ನಾ ಸುಮ್ನ ಕುಂತಂಗ ಆಗ್ತೈತಿ." ಕಾಕಾ ತಲೆ ಆಡಿಸಿದರು. ಎರಡನ್ನೂ ತೆಗೆದೆವು. ನನಗೆ ಅದು ಸ್ವಲ್ಪ ಬೇಸರವೇ. ಆ ರಾತ್ರಿಯ ಅತಿ ಚುರುಕಾದ ಎರಡು ಸಾಲು ಅವು. ಮೂಲ ಮುದ್ರಣದಲ್ಲಿ ಉಳಿದಿವೆ ಅನ್ನುವುದೇ ಸಮಾಧಾನ.

ದನಿಯ ಅಳತೆಯಲ್ಲಿ ಮಾತ್ರ ಜಗಳ ಮುಗಿಯಲಿಲ್ಲ. ಮೈಕ್‌ಸೆಟ್‌ನವರ ಮಿಕ್ಸರಿನಿಂದ ತೆಗೆದ ಮುದ್ರಣದಲ್ಲಿ ದಪ್ಪು ಮಾತನ್ನು ಮುಚ್ಚಿಬಿಡುತ್ತದೆ. ಸವಾಲು ಜವಾಬಿನಲ್ಲಿ ಮಾತು ತಿಳಿಯದಿದ್ದರೆ ಏನು ಉಳಿಯಿತು? ಅದಕ್ಕೆ ದಪ್ಪು ತಗ್ಗಿಸಿ ದನಿ ಎತ್ತಿದೆವು. ಕಾಕಾಗೆ ಇದು ಇವತ್ತಿಗೂ ಸರಿ ಬಂದಿಲ್ಲ.

ಕಾಗದ

ಮೊದಲು ನಮ್ಮ ಬಳಿ ಇದ್ದದ್ದು ಜಾತ್ರೆ ಕಮಿಟಿಯವರು ಸಹಿ ಮಾಡಿದ ಒಂದು ಒಪ್ಪಿಗೆ ಪತ್ರ. ಹಾಡಿದವರ ಸಹಿ ಅದರಲ್ಲಿ ಇರಲಿಲ್ಲ. ಅನೇಕ ಕಡೆ ಹೀಗೇ ನಡೆಯುತ್ತದೆ. ಆದರೆ ಹಾಡುಗಾರರ ಹಕ್ಕು ಹಾಡುಗಾರರದೇ. ನಮ್ಮ ಕಾಯ್ದೆಯಲ್ಲಿ ಅದು 50 ವರ್ಷ ಇರುತ್ತದೆ. ಈಗ ಪ್ರತಿ ಮೇಳಕ್ಕೂ ಬೇರೆ ಪತ್ರ, ಸರಳ ಕನ್ನಡದಲ್ಲಿ. ಓದಲು ಬಾರದವರಿಗೆ ಜೋರಾಗಿ ಓದಿ ಹೇಳಿ, ಅದನ್ನೂ ಮುದ್ರಿಸಿಕೊಳ್ಳುತ್ತೇವೆ. ಎಲ್ಲಿ ಪ್ರಸಾರ, ಇಂಟರ್ನೆಟ್ಟಿಗೆ ಹಾಕಬಹುದೋ ಇಲ್ಲವೋ, ಏನು ತೆಗೆಯಬಹುದು, ಹೆಸರು ಹೇಗೆ ಹೇಳಬೇಕು, ಪ್ರತಿ ಕೊಡುತ್ತೇವೋ ಇಲ್ಲವೋ, ಇಷ್ಟು.

ಪದದ ಸಾಹಿತ್ಯ ಇನ್ನೊಂದು ಗಂಟು. ಬೀಸುವ ಪದ, ಹಂತಿ ಪದ ಯಾರು ಕಟ್ಟಿದ್ದು ಅಂತ ಹೇಳಲಾಗುವುದಿಲ್ಲ, ಊರಿಗೆಲ್ಲ ಸೇರಿದ್ದು. ಗೀಗೀ ಪದ ಹಾಗಲ್ಲ. ಕೊನೆಯ ನುಡಿಯೇ ಕರ್ತೃ ಯಾರು ಅಂತ ಹೇಳುತ್ತದೆ. ಬರೆದವರು ತೀರಿಕೊಂಡು 60 ವರ್ಷದ ತನಕ ಹಕ್ಕು ಮನೆಯವರಿಗೆ ಇರುತ್ತದೆ. ಕಾಕಾ ಗುರುವಿನ ಮಗನಿಗೆ ಅಲ್ಲಿಂದಲೇ ಫೋನ್ ಹಚ್ಚಿ ಕೊಟ್ಟರು. ಆ ಮನುಷ್ಯ ಒಪ್ಪಿಗೆಗೆ ಒಂದೇ ಷರತ್ತು ಹಾಕಿದ: ಹೆಸರಿನ ಜೊತೆ ಊರನ್ನೂ ಹೇಳಬೇಕು.

ನಮ್ಮ ಲಾಗ್ ಪುಸ್ತಕದಲ್ಲಿ ಮೊದಲು ಜಾನಪದ ಗೀತೆ, ಇಂಥವರು ಮತ್ತು ಸಂಗಡಿಗರು ಅಂತ ಬರೆಯುತ್ತಿದ್ದರು. ಈಗ ಪದದ ಮೊದಲ ಸಾಲು, ಕಟ್ಟಿದವರು, ಅವರ ಊರು, ಗುರು, ಮುಖ್ಯ ಹಾಡುಗಾರ, ದಪ್ಪು, ತುಂತುಣಿ, ತಾಳ, ಸೊಲ್ಲು ಎತ್ತಿದವರು, ಎಲ್ಲರಿಗೂ ಕಾಲಂ ಇದೆ. ತುಂಬಲು ಬೇಜಾರಿನ ಕೆಲಸ. ತುಂತುಣಿ ಬಾರಿಸಿದವರ ಹೆಸರು ಕೇಳಿದಾಗ ಆ ಮನುಷ್ಯ ಒಂದು ಕ್ಷಣ ಗಾಬರಿಯಾದ, ಏನೋ ತಪ್ಪಾಗಿದೆ ಅಂದುಕೊಂಡ.

ಪ್ರಸಾರ ಆದ ಮೇಲೆ

ಜೋಡಿ ಪದ ರಾತ್ರಿ ಒಂಬತ್ತಕ್ಕೆ ಹೋಯಿತು. ಮೊದಲಿಗೆ ಉದ್ಘೋಷಕಿ, ಹಿಂದಿನ ಸಲ ಜವಾಬಿನ ಕೊನೆಯ ನಾಲ್ಕು ನಿಮಿಷ ಪ್ರಸಾರ ಆಗಿರಲಿಲ್ಲ, ಮುಂಚಿನ ಕಾರ್ಯಕ್ರಮ ಉದ್ದವಾದದ್ದೇ ಕಾರಣ ಅಂತ ನೇರವಾಗಿ ಹೇಳಿದರು. ಹೊತ್ತವನು ದೊಡ್ಡವನೋ ಹೊರೆ ದೊಡ್ಡದೋ ಎಂಬ ಸಾಲು ಬಂತು, ಸಿಳ್ಳೆ ಬಂತು, ಕೊನೆಯ ನುಡಿಯಲ್ಲಿ ಗುರುವಿನ ಹೆಸರು, ಊರು ಬಂತು. ವಾಟ್ಸಾಪಿನಲ್ಲಿ ಹಳೆಯ ತುಣುಕಿನಷ್ಟು ಇದು ಓಡಲಿಲ್ಲ. ಎರಡೂ ಮೇಳದವರಿಗೆ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದೆವು, ಯಾರಾದರೂ ಸೋಲಿನ ಮಾತೆತ್ತಿದರೆ ಅದನ್ನೇ ಹಾಕಿ ಕೇಳಿಸುತ್ತಿದ್ದಾರಂತೆ. ಮುಂದಿನ ಜಾತ್ರೆಗೆ ಇಬ್ಬರನ್ನೂ ಜೋಡಿಯಾಗಿಯೇ ಕರೆಸಿದ್ದಾರೆ ಅಂತ ಅಕ್ಕ ಹೇಳಿದರು.

ಉಳಿದಿರುವುದು ಹೊತ್ತಿನ ಪ್ರಶ್ನೆ. ಒಂಬತ್ತಕ್ಕೆ ನಮಗೆ ನಿದ್ದೆ ಬರುತ್ತದೆ, ಮರುದಿನ ಮಧ್ಯಾಹ್ನ ಮತ್ತೆ ಹಾಕಿ ಅಂತ ಹೆಂಗಸರಿಂದ ಫೋನ್ ಬರುತ್ತಿವೆ. ಮಧ್ಯಾಹ್ನದ ಜಾಗ ಅರ್ಧ ಗಂಟೆಯದು, ಅದರ ಹಿಂದೆ ಶಾಲಾ ಮಕ್ಕಳ ನೇರ ಪ್ರಸಾರ ಇದೆ. ಸವಾಲು ಒಂದು ದಿನ, ಜವಾಬು ಮರುದಿನ ಹಾಕಿದರೆ ಆಗದೇ ಅಂತ ವ್ಯವಸ್ಥಾಪಕರು ಮತ್ತೆ ಕೇಳಿದ್ದಾರೆ. ಆಗುವುದಿಲ್ಲ ಅಂದಿದ್ದೇನೆ. 24 ನಿಮಿಷದೊಳಗೆ ಮುಗಿಯುವ ಜೋಡಿಗಳನ್ನು ಮಾತ್ರ ಮಧ್ಯಾಹ್ನಕ್ಕೆ ಆರಿಸಬಹುದು. ಅಂಥವು ಎಷ್ಟಿವೆ ಅಂತ ಆ ಹುಡುಗ ಈಗ ಇಡೀ ರಾತ್ರಿಯ ಮುದ್ರಣವನ್ನು ಮೊದಲಿನಿಂದ ಕೇಳುತ್ತಿದ್ದಾನೆ.